ಚೌಳು ಭೂಮಿ: ನೀರು ಆರಿದ ಮೇಲೆ ಉಳಿಯುವುದೇನು?



ಈ ದಿನ ಚೌಳು ಭೂಮಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಚೌಳು ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟು ಬಗೆ, ಯಾವ ಬಗೆಗೆ ಯಾವ ಮದ್ದು, ಇಷ್ಟೇ ವಿಷಯ. ಜಾವಗಲ್ ಸುತ್ತಿನ ತೆಂಗಿನ ತೋಟಗಳನ್ನೂ ಕೆರೆ ಏರಿಯ ಕೆಳಗಿನ ಗದ್ದೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ಆದರೂ ಕೊಳವೆ ಬಾವಿಯ ನೀರನ್ನು ನಂಬಿ ಬೇಸಾಯ ಮಾಡುವ ಯಾವ ಊರಿನವರಿಗಾದರೂ ಇದು ಸಲ್ಲುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಚೌಳೆಲ್ಲಾ ಒಂದೇ ಎಂದು ತಿಳಿದು ಮದ್ದು ಮಾಡಹೊರಟರೆ, ಇದ್ದ ಭೂಮಿಯೂ ಕೆಡುವುದುಂಟು.

ಮೊದಲು ನಿಮ್ಮ ಬಚ್ಚಲು ಮನೆಗೇ ಹೋಗೋಣ. ನೀರು ಕಾಯಿಸುವ ಹಂಡೆಯ ಒಳಮೈಯನ್ನು ಕೈಯಿಂದ ಸವರಿ ನೋಡಿ. ಒರಟಾದ ಬಿಳಿಯ ಪೊರೆಯೊಂದು ಅಂಟಿಕೊಂಡಿರುತ್ತದೆ. ‘ಹಂಡೆಗೆ ಸುಣ್ಣ ಕಟ್ಟಿದೆ’ ಎಂದು ಮನೆಯ ಹೆಣ್ಣುಮಕ್ಕಳು ಹೇಳುತ್ತಾರೆ. ಸರಿಯಾದ ಮಾತೇ. ಆ ಸುಣ್ಣವನ್ನು ಹಂಡೆಗೆ ಯಾರೂ ತಂದು ಹಾಕಲಿಲ್ಲ. ಅದು ನೀರಿನೊಳಗೇ ಕರಗಿಕೊಂಡು ಬಂದದ್ದು. ನೀರು ಕಾದು ಆವಿಯಾಗಿ ಹೋಯಿತು, ಸುಣ್ಣ ಹೋಗಲಾರದೆ ಅಲ್ಲೇ ಕೂತಿತು. ನಿಮ್ಮ ಹೊಲವೂ ಇಂಥದೇ ಒಂದು ದೊಡ್ಡ ಹಂಡೆ. ಕೆಳಗೆ ಒಲೆಯಿಲ್ಲ, ಮೇಲೆ ಸೂರ್ಯನಿದ್ದಾನೆ, ಅಷ್ಟೇ ವ್ಯತ್ಯಾಸ.

‘ಸ್ವಾಮಿ, ನಮ್ಮ ಬೋರಿನ ನೀರು ಗಾಜಿನಂಗೆ ತಿಳಿಯಾಗೈತೆ. ಅದರಾಗೆ ಉಪ್ಪು ಎಲ್ಲಿಂದ ಬಂತು?’ ಎಂದು ಹಿರಿಯ ರೈತರೊಬ್ಬರು ನನ್ನನ್ನು ಕೇಳಿದರು. ‘ಯಜಮಾನರೇ, ಪಾನಕದಲ್ಲಿ ಬೆಲ್ಲ ಕಾಣುತ್ತದೆಯೇ?’ ಎಂದೆ. ಕರಗಿದ ವಸ್ತು ಕಣ್ಣಿಗೆ ಕಾಣುವುದಿಲ್ಲ. ಮೋಡದಿಂದ ಬೀಳುವ ಮಳೆನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಮೆ. ಆದರೆ ಗಾಳಿಯಲ್ಲಿಯೂ ಬೇರುಗಳ ಸುತ್ತಿನ ಮಣ್ಣಿನಲ್ಲಿಯೂ ಇರುವ ಇಂಗಾಲಾಮ್ಲ ಅನಿಲ ಅದರೊಳಕ್ಕೆ ಸೇರಿ, ನೀರಿಗೆ ತುಸು ಹುಳಿಯ ಗುಣ ಬರುತ್ತದೆ. ಈ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತಾ, ವರ್ಷಗಟ್ಟಲೆ ನಿಂತು, ಕಲ್ಲನ್ನೇ ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಹೀಗೆ ಸುಣ್ಣದಂಶ ಅಂದರೆ ಕ್ಯಾಲ್ಸಿಯಂ, ಅದರ ಜೊತೆಗೆ ಮೆಗ್ನೀಸಿಯಂ, ಸೋಡಿಯಂ ಮುಂತಾದವು ನೀರಿಗೆ ಬರುತ್ತವೆ. ಆಳ ಹೆಚ್ಚಿದಂತೆ, ನೀರು ಕಲ್ಲಿನೊಡನೆ ನಿಂತ ಕಾಲ ಹೆಚ್ಚಿದಂತೆ, ಸಾಮಾನ್ಯವಾಗಿ ಈ ಅಂಶಗಳೂ ಹೆಚ್ಚುತ್ತವೆ. ತೆರೆದ ಬಾವಿಯ ಸಿಹಿನೀರು ಕುಡಿದ ಊರಿನವರಿಗೆ ಆಳದ ಬೋರಿನ ನೀರು ಸೌಳಾಗಿ ಕಾಣುವುದು ಇದರಿಂದಲೇ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲೀಟರು ನೀರಿನಲ್ಲಿ ಒಂದು ಗ್ರಾಂ ಉಪ್ಪುಗಳಿವೆ ಎಂದಿಟ್ಟುಕೊಳ್ಳಿ. ಇದೇನೂ ಬಾಯಿಗೆ ಇಡಲಾಗದ ನೀರಲ್ಲ. ಬೇರೆ ನೀರು ಸಿಕ್ಕದ ಕಡೆ ಲೀಟರಿಗೆ ಎರಡು ಗ್ರಾಂವರೆಗೆ ಕುಡಿಯಲು ಬಿಡಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಒಂದು ತೆಂಗಿನ ಮರಕ್ಕೆ ದಿನಕ್ಕೆ 50 ಲೀಟರಿನಂತೆ ಕೊಟ್ಟರೆ 50 ಗ್ರಾಂ ಉಪ್ಪು ಕೊಟ್ಟ ಹಾಗಾಯಿತು. ವರ್ಷದಲ್ಲಿ 200 ದಿವಸ ನೀರು ಕೊಟ್ಟಿರಿ ಅನ್ನಿ, ಮರಕ್ಕೆ 10 ಕಿಲೋ. ಎಕರೆಗೆ 50 ಮರವಾದರೆ 500 ಕಿಲೋ, ಅಂದರೆ ಐದು ಕ್ವಿಂಟಾಲು. ಐದು ಕ್ವಿಂಟಾಲು ಉಪ್ಪನ್ನು ಮೂಟೆಯಲ್ಲಿ ತಂದು ತೋಟಕ್ಕೆ ಚೆಲ್ಲು ಎಂದು ಯಾರಾದರೂ ಹೇಳಿದರೆ ನೀವು ಅವರನ್ನು ಊರು ಬಿಡಿಸುತ್ತೀರಿ. ಪೈಪಿನಲ್ಲಿ ಬಂದರೆ ಮಾತ್ರ ನಾವು ಯಾರೂ ಲೆಕ್ಕ ಇಡುವುದಿಲ್ಲ. ಮರ ನೀರನ್ನು ಕುಡಿಯುತ್ತದೆ, ಉಪ್ಪಿನಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಮಿಕ್ಕಿದ್ದನ್ನು ಮಣ್ಣಿನಲ್ಲೇ ಬಿಡುತ್ತದೆ. ಬಿಸಿಲೂ ನೀರನ್ನೇ ಒಯ್ಯುತ್ತದೆ, ಉಪ್ಪನ್ನು ಬಿಡುತ್ತದೆ.

ಹಾಗಾದರೆ ಎಲ್ಲ ಊರಿನ ಭೂಮಿಯೂ ಚೌಳಾಗಬೇಕಿತ್ತಲ್ಲ ಎಂದು ಕೇಳುತ್ತೀರಿ. ನಮ್ಮ ಹಾಸನ ಜಿಲ್ಲೆಯಲ್ಲೇ ಇದಕ್ಕೆ ಉತ್ತರವಿದೆ. ಜಾವಗಲ್ಲಿನಿಂದ ನೈಋತ್ಯಕ್ಕೆ ಹಳೇಬೀಡು, ಅದರಾಚೆ ಬೇಲೂರು, ಇನ್ನೂ ಮುಂದೆ ಸಕಲೇಶಪುರ. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರಿಗೂ ಮೇಲೆ ಮಳೆ. ಅಷ್ಟು ಮಳೆ ಮಣ್ಣಿನ ಉಪ್ಪನ್ನು ತೊಳೆದು ಹೊಳೆಗೆ ಸೇರಿಸಿಬಿಡುತ್ತದೆ. ಜಾವಗಲ್ಲಿನಿಂದ ಮೂಡಲಿಗೆ ಅರಸೀಕೆರೆ. ಅಲ್ಲಿ ಮಳೆ 700 ಮಿಲಿಮೀಟರಿನ ಆಸುಪಾಸು. ಬಿಸಿಲು ಗಾಳಿಗಳು ಎಳೆದುಕೊಳ್ಳಬಲ್ಲ ನೀರು ಅದರ ಎರಡರಷ್ಟು. ಬರುವುದಕ್ಕಿಂತ ಹೋಗುವ ಬಾಯಿ ದೊಡ್ಡದು. ಆದ್ದರಿಂದ ಉಪ್ಪು ಇಳಿದು ಹೋಗುವ ಬದಲು ಮೇಲೇರಿ ಕೂರುತ್ತದೆ. ಉಳುವಾಗ ನೇಗಿಲಿಗೆ ಸಿಕ್ಕುವ ಬಿಳಿಯ ಸುಣ್ಣದ ಹರಳುಗಳನ್ನು ಕಂಡಿದ್ದೀರಲ್ಲ, ಅವೂ ಹೀಗೆಯೇ ಹುಟ್ಟಿದವು. ಮಣ್ಣಿನೊಳಗೆ ನೀರು ಆರಿ ಆರಿ, ಬಹಳ ಕಾಲದಲ್ಲಿ ಸುಣ್ಣ ಗಂಟುಗಂಟಾಗಿ ನಿಂತದ್ದು ಅದು.

ಇನ್ನು ಮುಖ್ಯವಾದ ಸಂಗತಿಗೆ ಬರೋಣ. ನೀರು ಆರುವಾಗ ಉಪ್ಪುಗಳೆಲ್ಲಾ ಒಟ್ಟಿಗೆ ಇಳಿಯುವುದಿಲ್ಲ. ಒಂದಾದ ಮೇಲೊಂದು, ಸರದಿಯ ಮೇಲೆ ಇಳಿಯುತ್ತವೆ. ಯಾವುದು ಕಷ್ಟದಲ್ಲಿ ಕರಗುತ್ತದೆಯೋ ಅದು ಮೊದಲು, ಸುಲಭವಾಗಿ ಕರಗುವುದು ಕೊನೆಗೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಕಡಲ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಒಂದು ಲೀಟರು ಕಡಲ ನೀರಿನಲ್ಲಿ ಎಲ್ಲ ಉಪ್ಪೂ ಸೇರಿ ಸುಮಾರು 35 ಗ್ರಾಂ ಇರುತ್ತದೆ. ಆ ನೀರು ಬತ್ತುತ್ತಾ ಬಂದಂತೆ ಮೊದಲು ಸುಣ್ಣ ಇಳಿಯುತ್ತದೆ. ನೀರು ಹೆಚ್ಚುಕಡಮೆ ಕಾಲುಭಾಗಕ್ಕೆ ಇಳಿದಾಗ ಜಿಪ್ಸಂ ಇಳಿಯಲು ತೊಡಗುತ್ತದೆ. ಹತ್ತನೆಯ ಒಂದು ಪಾಲಾದಾಗ ನಾವು ಉಣ್ಣುವ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಮುಂತಾದ ಉಪ್ಪುಗಳಿರುತ್ತವೆ. ಜಿಪ್ಸಂ ಒಂದು ಲೀಟರು ನೀರಿನಲ್ಲಿ ಎರಡು ಗ್ರಾಂಗಿಂತ ಸ್ವಲ್ಪವೇ ಹೆಚ್ಚು ಕರಗೀತು. ಅಡಿಗೆ ಉಪ್ಪಾದರೋ ಅದೇ ಲೀಟರಿನಲ್ಲಿ 350 ಗ್ರಾಂಗೂ ಮೀರಿ ಕರಗುತ್ತದೆ. ಸರದಿ ಏಕೆಂದು ಈಗ ತಿಳಿಯಿತಲ್ಲ.

ಹೊಲದಲ್ಲಿಯೂ ಇದೇ ಸರದಿ. ಮೊದಲು ಇಳಿಯುವುದು ಸುಣ್ಣವೇ. ಆದರೆ ಸುಣ್ಣವಾಗಬೇಕಾದರೆ ಎರಡು ಕೂಡಬೇಕು: ಒಂದು ಕ್ಯಾಲ್ಸಿಯಂ, ಇನ್ನೊಂದು ಕಾರ್ಬೊನೇಟ್. ಇದನ್ನು ಎತ್ತಿನ ಜೋಡಿಯಂತೆ ತಿಳಿಯಿರಿ. ಎಡಕ್ಕೆ ಕಟ್ಟುವ ಎತ್ತು ಹತ್ತು, ಬಲಕ್ಕೆ ಕಟ್ಟುವ ಎತ್ತು ಏಳು ಇದ್ದರೆ, ಏಳು ಜೋಡಿ ಹೊರಟುಹೋಗುತ್ತವೆ, ಎಡದ ಎತ್ತು ಮೂರು ಒಂಟಿಯಾಗಿ ಉಳಿಯುತ್ತವೆ. ಬಲದ ಎತ್ತು ಹೆಚ್ಚಾಗಿದ್ದರೆ ಅವು ಉಳಿಯುತ್ತವೆ. ನೀರಿನಲ್ಲಿಯೂ ಹಾಗೆಯೇ. ಸುಣ್ಣ ಇಳಿದ ಮೇಲೆ ಯಾವುದು ಉಳಿಯಿತು ಎಂಬುದರ ಮೇಲೆ ನಿಮ್ಮ ಭೂಮಿಯ ಹಣೆಬರಹ ನಿಂತಿದೆ.

ಕ್ಯಾಲ್ಸಿಯಂ ಉಳಿದರೆ ಭಯ ಕಡಮೆ. ಅದು ಮುಂದೆ ಗಂಧಕದ ಅಂಶದೊಡನೆ ಕೂಡಿ ಜಿಪ್ಸಂ ಆಗುತ್ತದೆ. ಆಮೇಲೆ ಉಪ್ಪು ಮೇಲೆ ಬಂದು ಬೆಳ್ಳಗೆ ಹೊಪ್ಪಳೆ ಕಟ್ಟುತ್ತದೆ. ಕಣ್ಣಿಗೆ ಹೆದರಿಕೆಯಾದರೂ ಮಣ್ಣಿನ ಮೈ ಸಡಿಲವಾಗಿಯೇ ಇರುತ್ತದೆ, ನೀರು ಒಳಕ್ಕೆ ಇಳಿಯುತ್ತದೆ. ಇದನ್ನು ಉಪ್ಪು ಚೌಳು ಎನ್ನೋಣ.

ಕಾರ್ಬೊನೇಟ್ ಉಳಿದರೆ ಕಥೆಯೇ ಬೇರೆ. ಅದು ಸೋಡಿಯಂ ಜೊತೆ ಕೂಡಿ ಬಟ್ಟೆ ಒಗೆಯುವ ಸೋಡಾ ಆಗುತ್ತದೆ. ಕ್ಯಾಲ್ಸಿಯಂ ಎಲ್ಲಾ ಸುಣ್ಣವಾಗಿ ಹೋದ್ದರಿಂದ ಜೇಡಿಯ ಕಣಗಳನ್ನು ಸೋಡಿಯಂ ಹಿಡಿದುಕೊಳ್ಳುತ್ತದೆ. ಕಣಗಳು ಒಂದನ್ನೊಂದು ಬಿಟ್ಟು ಚದರಿ, ಮಣ್ಣಿನ ಸಣ್ಣ ಸಣ್ಣ ಕಂಡಿಗಳು ಮುಚ್ಚಿಹೋಗುತ್ತವೆ. ಮಳೆ ಬಂದರೆ ಕೆಸರು ನಿಲ್ಲುತ್ತದೆ, ಬಿಸಿಲು ಬಂದರೆ ಕಲ್ಲಿನಂತೆ ಬಿಗಿಯುತ್ತದೆ. ಕೊಳೆತ ಗೊಬ್ಬರದ ಅಂಶ ಸೋಡಾದಲ್ಲಿ ಕರಗಿ ಮೇಲೆ ಕಪ್ಪು ಪೊರೆ ಕಾಣಿಸುವುದೂ ಉಂಟು. ಇದು ಸೋಡಾ ಚೌಳು.

ಈ ಎರಡು ಬಗೆ ನಮ್ಮ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಮೈಸೂರು ಸೀಮೆಯಲ್ಲಿ ಉಪ್ಪಾರರು ಚೌಳು ಮಣ್ಣನ್ನು ಕೆರೆದು ತಂದು, ನೀರು ಹಾಕಿ, ತಿಳಿಯನ್ನು ಬಸಿದು, ಬಿಸಿಲಿಗಿಟ್ಟು ಉಪ್ಪು ತೆಗೆಯುತ್ತಿದ್ದರು. 1800 ಮತ್ತು 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದನ್ನು ಬರೆದಿಟ್ಟಿದ್ದಾನೆ. ಮಡಿವಾಳರು ತರುತ್ತಿದ್ದ ಚೌಳು ಮಣ್ಣು ಬೇರೆ. ಅದು ಕೈಗೆ ಜಾರುವಂಥದು, ಬಟ್ಟೆಯ ಕೊಳೆ ಬಿಡಿಸುವಂಥದು, ಅಂದರೆ ಸೋಡಾ ಇರುವಂಥದು. ಉಪ್ಪಾರರ ಮಣ್ಣಿನಿಂದ ಬಟ್ಟೆ ಒಗೆಯಲಾಗದು, ಮಡಿವಾಳರ ಮಣ್ಣಿನಿಂದ ಉಣ್ಣುವ ಉಪ್ಪು ಬಾರದು. ನಿಮ್ಮ ಹೊಲದಲ್ಲಿರುವುದು ಉಪ್ಪಾರರ ಮಣ್ಣೋ ಮಡಿವಾಳರ ಮಣ್ಣೋ ಎಂದು ಮೊದಲು ಕೇಳಿಕೊಳ್ಳಿ. ಮದ್ದಿನ ಮಾತು ಆಮೇಲೆ.

ತಿಳಿಯುವ ಬಗೆ ಹೇಗೆ? ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬೇಸಗೆಯಲ್ಲಿ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಬೋರಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಂದು ಲೀಟರು ಆಗುವವರೆಗೆ ಹಾಕುತ್ತಾ ಬಿಸಿಲಿಗೆ ಆರಿಸಿ. ದೂಳು ಬೀಳದಂತೆ ತೆಳುಬಟ್ಟೆ ಮುಚ್ಚಿರಿ. ಪೂರ್ತಿ ಆರಿದ ಮೇಲೆ ಒಂದೆರಡು ಚಮಚ ಮಳೆನೀರು ಹಾಕಿ ಕದಡಿ, ತಿಳಿಯನ್ನು ಬೇರೆ ಬಟ್ಟಲಿಗೆ ಬಗ್ಗಿಸಿಕೊಳ್ಳಿ. ತಟ್ಟೆಯಲ್ಲಿ ಕರಗದೆ ಉಳಿದ ಬಿಳಿಯ ಪೊರೆಗೆ ನಿಂಬೆ ಹುಳಿ ಹಿಂಡಿದಾಗ ನೊರೆ ಎದ್ದರೆ ಅದು ಸುಣ್ಣ. ಬಟ್ಟಲಿನ ತಿಳಿಗೆ ಚಿಟಿಕೆ ಅರಿಸಿನ ಹಾಕಿ. ಹಳದಿಯಾಗಿಯೇ ಉಳಿದರೆ ಬರೀ ಉಪ್ಪು. ಆರತಿಗೆ ಓಕುಳಿ ಮಾಡಿದಂತೆ ಚೆನ್ನಾಗಿ ಕೆಂಪಾದರೆ ಸೋಡಾ ಇದೆ ಎಂದು ಅನುಮಾನಪಡಿ. ಇದು ಗುರುತು ಮಾತ್ರ, ತೀರ್ಪಲ್ಲ.

ತೀರ್ಪು ಸಿಕ್ಕುವುದು ಪ್ರಯೋಗಶಾಲೆಯಲ್ಲಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಹಾಸನದ ಹತ್ತಿರ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ನೀರಿನ ಮಾದರಿ ತೆಗೆಯುವಾಗ ಪಂಪನ್ನು ಅರ್ಧ ಗಂಟೆ ಓಡಿಸಿ, ಶುಭ್ರವಾದ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ನಿಲ್ಲದಂತೆ ಬಾಯಿಮಟ್ಟ ತುಂಬಿ, ಬೇಗ ಮುಟ್ಟಿಸಿ. ತಡಮಾಡಿದರೆ ಇಂಗಾಲಾಮ್ಲ ಹೊರಟುಹೋಗಿ ಸುಣ್ಣ ಬಾಟಲಿಯಲ್ಲೇ ಇಳಿದು, ಪರೀಕ್ಷೆ ತಪ್ಪು ಹೇಳುತ್ತದೆ. ಮಣ್ಣಿನ ಮಾದರಿಯಲ್ಲಿ ಮೇಲಿನ ಹೊಪ್ಪಳೆಯನ್ನು ಬೇರೆಯಾಗಿಯೂ ಕೆಳಗಿನ ಮಣ್ಣನ್ನು ಬೇರೆಯಾಗಿಯೂ ತೆಗೆಯಿರಿ. ತೋಟವಾದರೆ ಮೂರಡಿಯವರೆಗೆ ಅಡಿಗೊಂದರಂತೆ ಮೂರು ಮಾದರಿ ಇರಲಿ.

ವರದಿಯಲ್ಲಿ ಎರಡು ಸಾಲು ಮುಖ್ಯ. ಮಣ್ಣಿನ ವರದಿಯಲ್ಲಿ ಪಿಎಚ್ ನೋಡಿ. ಅದು 8.5ನ್ನು ದಾಟಿದ್ದರೆ ಸೋಡಾ ಚೌಳಿನ ಕಡೆಗೆ ವಾಲಿದೆ ಎಂದರ್ಥ. ನೀರಿನ ವರದಿಯಲ್ಲಿ ‘ಉಳಿಕೆ ಸೋಡಿಯಂ ಕಾರ್ಬೊನೇಟ್’ ಎಂಬ ಸಾಲನ್ನು ಕೇಳಿ ಬರೆಸಿಕೊಳ್ಳಿ. ನಾನು ಹೇಳಿದ ಒಂಟಿ ಎತ್ತಿನ ಲೆಕ್ಕ ಅದೇ. ಅಮೆರಿಕದ ಉಪ್ಪುನೆಲ ಪ್ರಯೋಗಶಾಲೆಯವರು 1954ರಲ್ಲಿ ಪ್ರಕಟಿಸಿದ ಕೈಪಿಡಿಯ ಮಟ್ಟಗಳನ್ನು ಇಂದಿಗೂ ಬಳಸುತ್ತಾರೆ. ಲೀಟರಿಗೆ 1.25 ಮಿಲಿ ಈಕ್ವಿವಲೆಂಟಿಗಿಂತ ಕಡಮೆಯಿದ್ದರೆ ಚಿಂತೆಯಿಲ್ಲ. 1.25ರಿಂದ 2.5ರವರೆಗೆ ಎಚ್ಚರಿಕೆ ಬೇಕು. 2.5ನ್ನು ಮೀರಿದರೆ ಆ ನೀರನ್ನು ಹಾಗೆಯೇ ಹಾಯಿಸಬಾರದು.

ಇನ್ನು ಮದ್ದು. ಉಪ್ಪು ಚೌಳಿಗೆ ಮದ್ದು ಸಿಹಿನೀರು ಮತ್ತು ಬಸಿಗಾಲುವೆ. ಉಪ್ಪಾರರು ಮಾಡುತ್ತಿದ್ದ ಕೆಲಸವನ್ನೇ ನಾವು ಹೊಲದಲ್ಲಿ ಮಾಡಬೇಕು, ಅಂದರೆ ಮಣ್ಣನ್ನು ತೊಳೆದು ತಿಳಿಯನ್ನು ಹೊರಕ್ಕೆ ಬಿಡಬೇಕು. ಭೂಮಿಯನ್ನು ಮಟ್ಟ ಮಾಡಿ, ಸುತ್ತ ಬದು ಕಟ್ಟಿ, ಮಳೆಗಾಲದ ನೀರನ್ನು ನಿಲ್ಲಿಸಿ ಇಂಗಿಸಿ. ಒಂದಡಿ ಮಣ್ಣಿನ ಮೂಲಕ ಒಂದಡಿ ನೀರು ಇಳಿದುಹೋದರೆ ಆ ಮಣ್ಣಿನ ಉಪ್ಪಿನಲ್ಲಿ ಬಹುಪಾಲು ಇಳಿಯುತ್ತದೆಂದು ಸ್ಥೂಲವಾದ ಲೆಕ್ಕ. ಆದರೆ ಇಳಿದ ನೀರಿಗೆ ಹೋಗಲು ದಾರಿ ಬೇಕು. ಬಸಿಗಾಲುವೆಯಿಲ್ಲದೆ ನೀರು ನಿಲ್ಲಿಸಿದರೆ ಅದು ಮತ್ತೆ ಆರಿ, ಉಪ್ಪು ಮೇಲೆಯೇ ಬರುತ್ತದೆ. ಬಸಿನೀರನ್ನು ಪಕ್ಕದ ಹೊಲಕ್ಕೆ ಬಿಡುವುದೂ ತರವಲ್ಲ. ನೆರೆಯವರೊಡನೆ ಕೂತು ಮಾತಾಡಿ, ಹಳ್ಳದವರೆಗೆ ಒಂದೇ ಕಾಲುವೆ ತೆಗೆಯುವುದು ಮೇಲು.

ಸೋಡಾ ಚೌಳಿಗೆ ಬರೀ ನೀರು ನಿಲ್ಲಿಸಬೇಡಿ. ಇಲ್ಲೇ ಅನೇಕರು ಕೆಡುವುದು. ಸೋಡಿಯಂ ಜೇಡಿಯನ್ನು ಹಿಡಿದಿರುವಾಗ ಮೇಲಿನ ಉಪ್ಪನ್ನಷ್ಟೇ ತೊಳೆದುಬಿಟ್ಟರೆ, ಕಣಗಳು ಇನ್ನೂ ಚದರಿ ಮಣ್ಣು ಮೊದಲಿಗಿಂತ ಬಿಗಿಯಾಗುತ್ತದೆ. ಮೊದಲು ಕ್ಯಾಲ್ಸಿಯಂ ಕೊಡಬೇಕು, ಆಮೇಲೆ ನೀರು. ಕ್ಯಾಲ್ಸಿಯಂ ಕೊಡುವ ಅಗ್ಗದ ವಸ್ತು ಜಿಪ್ಸಂ. ಸ್ವಾರಸ್ಯ ನೋಡಿ: ಈ ಜಿಪ್ಸಂ ಕೂಡ ಹಿಂದೆಂದೋ ನೀರು ಆರಿ ಹುಟ್ಟಿದ ಖನಿಜವೇ. ನಮ್ಮ ದೇಶದಲ್ಲಿ ಅದರ ಬಹುಭಾಗ ರಾಜಸ್ಥಾನದ ಗಣಿಗಳಿಂದ ಬರುತ್ತದೆ. ನೀರು ಆರಿ ಬಂದ ರೋಗಕ್ಕೆ ನೀರು ಆರಿ ಬಂದದ್ದೇ ಮದ್ದು. ಮಣ್ಣಿನ ಪರೀಕ್ಷೆ ಹೇಳಿದಷ್ಟು ಜಿಪ್ಸಂ ಪುಡಿಯನ್ನು ಹರಡಿ, ಮೇಲಿನ ನಾಲ್ಕಂಗುಲ ಮಣ್ಣಿನಲ್ಲಿ ಬೆರೆಸಿ, ನೀರು ನಿಲ್ಲಿಸಿ, ಬಸಿಯಿರಿ. ಸೋಡಿಯಂ ಬಿಟ್ಟು ಹೊರಟು ಬಸಿನೀರಿನಲ್ಲಿ ಹೋಗುತ್ತದೆ.

ನೀರಿನಲ್ಲೇ ಸೋಡಾ ದೋಷವಿದ್ದರೆ ಮಣ್ಣಿಗೆ ಒಂದು ಸಲ ಜಿಪ್ಸಂ ಹಾಕಿ ಕೈತೊಳೆದುಕೊಳ್ಳಲಾಗದು. ಒಂದು ಎಕರೆಗೆ ಒಂದಂಗುಲ ನೀರೆಂದರೆ ಸುಮಾರು ಒಂದು ಲಕ್ಷ ಲೀಟರು. ಅಷ್ಟು ನೀರಿನ ಉಳಿಕೆ ಕಾರ್ಬೊನೇಟನ್ನು ಒಂದು ಮಿಲಿ ಈಕ್ವಿವಲೆಂಟ್ ಇಳಿಸಲು ಶುದ್ಧ ಜಿಪ್ಸಂ ಸುಮಾರು 9 ಕಿಲೋ ಬೇಕು. ನಿಮ್ಮ ವರದಿಯ ಅಂಕಿಯನ್ನೂ ನೀವು ಹಾಯಿಸುವ ನೀರನ್ನೂ ಇದಕ್ಕೆ ಹೋಲಿಸಿ ಲೆಕ್ಕ ಮಾಡಿಕೊಳ್ಳಿ.

ಜಿಪ್ಸಂ ಜೊತೆಗೆ ಹಸಿರೆಲೆ ಗೊಬ್ಬರವನ್ನು ಮರೆಯಬಾರದು. ದೈಂಚ ಬಿತ್ತಿ ಹೂವಿಗೆ ಮುಂಚೆ ಉತ್ತುಬಿಡಿ. ಹೊಂಗೆ ಸೊಪ್ಪು ಹಾಕಿ. ಅವು ಕೊಳೆಯುವಾಗ ಇಂಗಾಲಾಮ್ಲ ಹುಟ್ಟಿ, ಮಣ್ಣಿನಲ್ಲಿ ನಿಂತ ಸುಣ್ಣದ ಹರಳನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಕ್ಯಾಲ್ಸಿಯಂ ಬಿಡಿಸಿಕೊಡುತ್ತದೆ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮದ್ದು ನಿಮ್ಮ ಹೊಲದಲ್ಲೇ ಇದೆ.

‘ನಮ್ಮದು ಕೆರೆ ನೀರು, ಸಿಹಿ ನೀರು. ನಮಗೇನು ಭಯ?’ ಎನ್ನುವವರೂ ಇದ್ದಾರೆ. ಅವರು ತುಂಗಭದ್ರಾ ನಾಲೆಯ ಕೆಳಗಿನ ಸೀಮೆಯನ್ನು ನೆನೆಯಬೇಕು. 1953ರಿಂದ ಆ ನಾಲೆಗಳಲ್ಲಿ ನೀರು ಹರಿಯಿತು. ನೀರು ಒಳ್ಳೆಯದೇ. ಆದರೂ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಸಾಕಷ್ಟು ಭೂಮಿ ಚೌಳಾಯಿತು. ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸಿ, ಬಸಿಯಲು ದಾರಿಯಿಲ್ಲದೆ, ನೆಲದೊಳಗಿನ ನೀರು ಮೇಲೇರಿತು. ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ ಮಣ್ಣು ಆ ನೀರನ್ನು ಮೇಲಕ್ಕೆಳೆಯಿತು, ಬಿಸಿಲು ನೀರನ್ನು ಒಯ್ದಿತು, ಉಪ್ಪು ಉಳಿಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಭೂಮಿಯ ಸುಧಾರಣೆಯ ಕೆಲಸ ನಡೆದಿದೆ. ಏರಿಯ ಕೆಳಗೆ ಸದಾ ಜೌಗಾಗಿರುವ ಗದ್ದೆಯಿದ್ದವರು ಇದನ್ನು ಮನಸ್ಸಿನಲ್ಲಿಡಿ. ಅಂಥಲ್ಲಿ ಮೊದಲ ಕೆಲಸ ಬಸಿಗಾಲುವೆಯೇ.

ತೆಂಗಿನ ತೋಟದವರಿಗೆ ಒಂದು ಎಚ್ಚರಿಕೆ. ತೆಂಗು ಉಪ್ಪನ್ನು ತಡೆಯುವ ಮರ. ಮರ ಹಸುರಾಗಿದೆ, ಕಾಯಿ ಬರುತ್ತಿದೆ ಎಂದು ನೀವು ಸುಮ್ಮನಿರುತ್ತೀರಿ, ಕೆಳಗೆ ಭೂಮಿ ಕೆಡುತ್ತಿರುತ್ತದೆ. ನಡುವೆ ಹಾಕಿದ ಬಾಳೆಯ ಎಲೆಯ ಅಂಚು ಸುಟ್ಟಂತಾದರೆ, ಹುರುಳಿಕಾಯಿ ಮೊಳೆಯದೆ ಹೋದರೆ, ಅದನ್ನು ನೆಲದ ಮಾತೆಂದು ತಿಳಿಯಿರಿ. ಪಾತಿಯನ್ನು ಬರಿದಾಗಿ ಬಿಡದೆ ಕಾಯಿಮಟ್ಟೆ, ಗರಿ, ಕಸಕಡ್ಡಿ ಮುಚ್ಚಿ. ನೆರಳಾದ ನೆಲದಿಂದ ನೀರು ಕಡಮೆ ಆರುತ್ತದೆ, ಉಪ್ಪು ಕಡಮೆ ಮೇಲೇರುತ್ತದೆ. ಹನಿ ನೀರಾವರಿಯಲ್ಲಿ ತೊಯ್ದ ಜಾಗದ ಅಂಚಿಗೆ ಉಪ್ಪು ಬಳೆಯಂತೆ ಕಟ್ಟುತ್ತದೆ. ಮುಂಗಾರಿನ ಮೊದಲ ತುಂತುರು ಆ ಉಪ್ಪನ್ನು ಬೇರಿನ ಕಡೆಗೆ ತಳ್ಳುತ್ತದೆ. ಆದ್ದರಿಂದ ಸಣ್ಣ ಮಳೆ ಬಂದಿತೆಂದು ಕೂಡಲೇ ಹನಿ ನೀರನ್ನು ನಿಲ್ಲಿಸಬೇಡಿ. ಚೆನ್ನಾಗಿ ಹದಮಳೆಯಾದ ಮೇಲೆ ನಿಲ್ಲಿಸಿ. ಕೃಷಿ ಹೊಂಡದಲ್ಲಿ ಹಿಡಿದ ಮಳೆನೀರಿದ್ದರೆ ಬೋರಿನ ನೀರಿನೊಡನೆ ಬೆರೆಸಿ ಕೊಡಿ.

ಕೊನೆಯದಾಗಿ, ನೆನಪಿಡಬೇಕಾದ್ದು ಇಷ್ಟು. ನೀರಿನೊಡನೆ ಉಪ್ಪು ಬರುತ್ತದೆ, ಆವಿಯೊಡನೆ ಹೋಗುವುದಿಲ್ಲ. ಸುಣ್ಣ ಇಳಿದ ಮೇಲೆ ಏನು ಉಳಿಯಿತೆಂದು ತಿಳಿದುಕೊಳ್ಳಿ. ಉಪ್ಪು ಚೌಳಿಗೆ ತೊಳೆತ, ಸೋಡಾ ಚೌಳಿಗೆ ಮೊದಲು ಜಿಪ್ಸಂ, ಆಮೇಲೆ ತೊಳೆತ. ಎರಡಕ್ಕೂ ಬಸಿಗಾಲುವೆ ಬೇಕೇ ಬೇಕು. ಬೋರು ತೆಗೆಸಲು ಲಕ್ಷ ಲಕ್ಷ ಸುರಿಯುವ ನಾವು, ಬಂದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡಲು ಸೋಮಾರಿತನ ಮಾಡಬಾರದು. ಈ ಬೇಸಗೆಯೊಳಗೆ ನಿಮ್ಮ ನೀರಿನ ಬಾಟಲಿ ಪ್ರಯೋಗಶಾಲೆ ಸೇರಲಿ. ಮುಂಗಾರು ಬರುವ ವೇಳೆಗೆ ವರದಿ ಕೈಯಲ್ಲಿರಲಿ. ತೊಳೆಯುವ ಕೆಲಸಕ್ಕೆ ಮಳೆಗಾಲಕ್ಕಿಂತ ಒಳ್ಳೆಯ ಆಳು ಸಿಕ್ಕುವುದಿಲ್ಲ.